ಮನಸ್ಸು ಕುಗ್ಗಿದರೆ ಎಲುಬೂ ಸವೆದೀತು

ಶಿರಗುಪ್ಪಿಯ ನಮ್ಮ ಬೀಗರ ಮನೆಯ ಹಿರಿಯ ತಾಯಿಯೊಬ್ಬರು, ಯಜಮಾನರು ತೀರಿಕೊಂಡ ಮೇಲೆ ಎರಡು ವರ್ಷ ಕೋಣೆ ಬಿಟ್ಟು ಹೊರಬರಲಿಲ್ಲ. ಈಚೆಗೆ ಹೊಸ್ತಿಲು ಎಡವಿದ್ದಷ್ಟೇ, ಸೊಂಟದ ಎಲುಬು ಮುರಿಯಿತು. ವಯಸ್ಸಾಯಿತೆಂದು ಎಲ್ಲರೂ ಅಂದರು; ನಾವೂ ಅಂದೆವು.

ಅದು ಅರ್ಧ ಸತ್ಯ. ಖಿನ್ನತೆಯುಳ್ಳವರಲ್ಲಿ ಎಲುಬಿನ ಗಟ್ಟಿತನ ಕಡಿಮೆಯಿರುವುದನ್ನು ವೈದ್ಯರು ಕಂಡಿದ್ದಾರೆ. ಊಟ, ಓಡಾಟ, ಬಿಸಿಲು ತಪ್ಪುತ್ತವೆ. ಕಾರ್ಟಿಸಾಲ್ ಹಾರ್ಮೋನು ಬಹುಕಾಲ ಏರಿದ್ದರೆ ಎಲುಬು ಸವೆಯುತ್ತದೆ. ಕೆಲವು ಮಾತ್ರೆಗಳಿಗೂ ಎಲುಬು ಮುರಿತಕ್ಕೂ ನಂಟು ಕಂಡಿದೆ. ಹಾಗೆಂದು ತಾವಾಗಿಯೇ ಮಾತ್ರೆ ಬಿಡಬಾರದು, ವೈದ್ಯರನ್ನು ಕೇಳಬೇಕು.

ಅಡಿಕೆಯ ಸೋಗೆ ಹಳದಿಯಾದ ಕೂಡಲೇ ಬುಡ ಬಿಡಿಸಿ ನೋಡುವ ನಾವು, ಮನೆಯಲ್ಲಿ ಮಾತು ಬಿಟ್ಟು ಕುಳಿತವರನ್ನು ಸೋಮಾರಿ ಎನ್ನುವುದು ಸಲ್ಲದು. ಶಿರಗುಪ್ಪಿಯವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ತೋಟದ ಊರುಗಳಿಂದ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಸಲಹೆ ಉಚಿತ. ಮನಸ್ಸಿಗೆ ಮದ್ದು ಕೇಳಹೋದ ಸದಸ್ಯ ಬಾಂಧವರು ಎಲುಬಿನ ಮಾತನ್ನೂ ಎತ್ತಲಿ.