ಮೊದಲು ಬೋಲ್ಟು ಹಾಕಿ, ವೆಲ್ಡಿಂಗು ಆಮೇಲೆ

ಹಳೇ ಸೈಕಲ್ ಗಾಲಿಗೆ ಅಲಗು ಕಟ್ಟಿ ಎಡೆಕುಂಟೆ ಮಾಡಿಕೊಂಡವರ ಸುದ್ದಿ ನೀವೆಲ್ಲ ಓದಿರುತ್ತೀರಿ. ಫೋಟೋದಲ್ಲಿ ಗೆದ್ದ ಕುಂಟೆ ಇರುತ್ತದೆ. ಅದಕ್ಕೆ ಮುಂಚೆ ಗುಜರಿಗೆ ಹೋದವುಗಳ ಸುದ್ದಿ ಇರಲ್ಲ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ್ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಮ್ಮಂಥ ರೈತರಿಗೆಲ್ಲ ಖುಷಿಯಾಯಿತು. ಆದರೆ ಅವರ ಕೆಟ್ಟ ಯಂತ್ರಗಳೆಷ್ಟು ಅಂತ ನಮ್ಮೂರಲ್ಲಿ ಯಾರೂ ಕೇಳಲಿಲ್ಲ. ಕಲಿಯುವುದು ಅಲ್ಲೇ ಇರುವುದು ಅಂತ ನನ್ನ ಅಭಿಪ್ರಾಯ.

ಎತ್ತು ಮಾರಿದ ಮೇಲೆ ನಾನೂ ಇದಕ್ಕೆ ಕೈ ಹಾಕಿದೆ. ನಮ್ಮದು ಕೆಂಪು ನೆಲ, ನಾಲ್ಕು ಎಕರೆ ಶೇಂಗಾ. ಬಿತ್ತಿದ 45 ದಿನದೊಳಗೆ ಎಡೆ ಮುಗಿಯಬೇಕು, ಆಮೇಲೆ ಮಣ್ಣು ಕೆದಕಿದರೆ ಕಾಯಿಗೇ ಪೆಟ್ಟು. ಲಾರಿ ಪಟ್ಟಿಯಿಂದ ಮಾಡಿಸಿದ ಮೊದಲ ಅಲಗು ನೆಲಕ್ಕೆ ಹೂತು ಹಿಡಿ ಹೊಟ್ಟೆಗೆ ಗುದ್ದಿತು. ಎರಡನೆಯದು ಮಟ್ಟಸವಾಗಿ ಮೇಲೇ ಜಾರಿತು, ಕಸ ಗುಡಿಸಿದ ಹಾಗೆ. ಪ್ರತಿ ಸಲವೂ ಪೇಟೆಗೆ ಹೋಗಿ ಕೊಯ್ಸಿ ಮತ್ತೆ ವೆಲ್ಡಿಂಗ್ ಮಾಡಿಸಬೇಕು, ಅರ್ಧ ದಿನ ಹೋಯಿತು. ಮೂರನೇ ಸಲ ವೆಲ್ಡಿಂಗ್ ಬೇಡಪ್ಪಾ, ಸಾಲಾಗಿ ತೂತು ಹೊಡೆದು ಬೋಲ್ಟು ಹಾಕು ಅಂದೆ. ಜೇಬಲ್ಲಿ ಒಂದು ಪಾನಾ ಇಟ್ಟುಕೊಂಡು ಸಾಲಿನಲ್ಲೇ ನಿಂತು ಏರಿಸಿ ಇಳಿಸಿ ನೋಡಿದೆ. ಒಂದೇ ಸಂಜೆಗೆ ಅಳತೆ ಕೂತಿತು.

ದೊಡ್ಡ ತಪ್ಪು ಹಿಡಿಯದು. ನನ್ನ ಎತ್ತರಕ್ಕೆ ಮಾಡಿಸಿದ್ದೆ. ದೂಡುವವಳು ನಮ್ಮ ಮನೆಯವಳು. ಎರಡು ದಿನ ಸುಮ್ಮನೆ ದೂಡಿದಳು, ಮೂರನೇ ದಿನ ನೀರಿನ ಕೊಡ ಎತ್ತಲಾಗಲಿಲ್ಲ. "ದೂಡೋದು ನಾನು, ಅಳತೆ ನಿಮ್ಮದು" ಅಂದಳು. ಹಿಡಿ ನಾಲ್ಕು ಇಂಚು ಇಳಿಸಿದೆವು. ಒಂದಡಿ ಸಾಲಿಗೆ ಒಂಬತ್ತು ಇಂಚಿನ ಅಲಗು ಗಿಡ ಕೀಳುತ್ತದೆ ಅಂತ ಕಂಡವಳೂ ಅವಳೇ. ಆರಿಂಚಿಗೆ ಕೊಯ್ಸಿದೆ. ಮೊದಲೇ ಅವಳ ಕೈಗೆ ಕೊಟ್ಟು ನೋಡಿದ್ದರೆ ಇಷ್ಟು ಖರ್ಚಾಗುತ್ತಿರಲಿಲ್ಲ.

ಇಷ್ಟಕ್ಕೇ ಸುಮ್ಮನಿರಬೇಕಿತ್ತು. ಎರೆ ಹೊಲದ ನಂಟರೊಬ್ಬರು ಕೇಳಿದರು ಅಂತ 900 ರೂಪಾಯಿಗೆ ಒಂದು ಮಾಡಿಕೊಟ್ಟೆ, ಅವರ ಹೊಲದಲ್ಲಿ ಒಂದು ಸಾಲೂ ಹೊಡೆದು ನೋಡದೆ. ಮಳೆ ಬಂದ ಮಾರನೇ ದಿನ ಇಳಿಸಿದ್ದಾರೆ. ಅಲಗು, ಗಾಲಿ, ಕಡ್ಡಿ ಎಲ್ಲ ಜಿಗಟು ಮಣ್ಣು ಮೆತ್ತಿಕೊಂಡು ನಿಂತುಬಿಟ್ಟಿತು. ದುಡ್ಡು ವಾಪಸ್ ಕೊಟ್ಟೆ. ಅವರು ಈಗಲೂ ನೆಟ್ಟಗೆ ಮಾತಾಡಲ್ಲ.

ಮೇಳಗಳಲ್ಲಿ ಬಣ್ಣ ಹಚ್ಚಿ ನಿಲ್ಲಿಸಿದ ಯಂತ್ರಕ್ಕೆ ಮಣ್ಣೇ ಅಂಟಿರಲ್ಲ. ರೇಟು ಕೇಳುವ ಮುಂಚೆ ಯಾವ ನೆಲದಲ್ಲಿ ಓಡಿಸಿದ್ದೀರಿ, ಎಷ್ಟು ಎಕರೆ, ದೂಡಿದವರು ಯಾರು ಅಂತ ಕೇಳಿ.

ನನ್ನ ಕುಂಟೆಗೆ ಇದು ಮೂರನೇ ಮುಂಗಾರು. ಎರೆ ನೆಲಕ್ಕೆ ಇನ್ನೂ ದಾರಿ ಸಿಕ್ಕಿಲ್ಲ. ಸಿಕ್ಕವರೂ ಬರೆಯಿರಿ, ಮಾಡಲು ಹೋಗಿ ಕೈ ಸುಟ್ಟುಕೊಂಡವರೂ ಬರೆಯಿರಿ.