ಗಂಟಿ ಕಟ್ಟಿದ ಬೆಕ್ಕಿಗೆ ಕನ್ನಡ ಕಲಸಾವ್ರು ಯಾರು?

ಅಕ್ಕಾರ, ವೈನಿಯಾರ, ಓಣ್ಯಾಗಿನ ಕಾಕುಗೋಳ, ಇವತ್ತ ಅಡಗಿ ಸುದ್ದಿ ಇಲ್ಲ, ಹಪ್ಪಳ ಸಂಡಿಗಿ ಸುದ್ದೀನೂ ಇಲ್ಲ. ಇವತ್ತ ಜಗಳ ತಗದೇನಿ. ಜಗಳ ಯಾರ ಸಲುವಾಗಿ ಅಂದ್ರ, ನಮ್ಮ ದೇಗಾಂವದ ಮನಿಮನಿ ಟಿವ್ಯಾಗ, ಮೊಬೈಲಿನ್ಯಾಗ ಕುಂತಿರೂ ಆ ನೀಲಿ ಬೆಕ್ಕಿನ ಸಲುವಾಗಿ. ಹೌದ, ಡೋರೆಮಾನ್. ಹೊಟ್ಟಿ ಮ್ಯಾಲೆ ಕಿಸೆ, ಕೊಳ್ಳಾಗ ಗಂಟಿ, ಕಿವಿ ಇಲ್ಲ.

ಇದರ ಬಗ್ಗೆ ನಮ್ಮ ಹೆಣಮಕ್ಕಳೊಳಗ ಎರಡ ಪಾರ್ಟಿ ಅದಾವ. ಕಮಲನಾರಾಯಣ ಗುಡಿ ಕಡೆ ಹ್ವಾದಾಗ ಕಟ್ಟಿ ಮ್ಯಾಲೆ ಕುಂತ್ರ ಎರಡೂ ಕೇಳಸ್ತಾವ. ಒಂದ ಪಾರ್ಟಿ ಅಂತೈತಿ: "ಆ ದರಿದ್ರ ಬೆಕ್ಕ ಹುಡುಗ್ರನ್ನ ಹಾಳ ಮಾಡೇತಿ, ಬಂದ್ ಮಾಡ್ರಿ ಅದನ್ನ." ಇನ್ನೊಂದ ಪಾರ್ಟಿ ಅಂತೈತಿ: "ಇರಲಿ ಬಿಡ್ರಿ, ಅದನ್ನ ನೋಡೇ ನಮ್ಮ ಹುಡುಗಾ ಏನ ಛಲೋ ಹಿಂದಿ ಮಾತಾಡ್ತಾನ!" ನಾ ಎರಡೂ ಪಾರ್ಟಿಗೆ ಸೇರಿದಾಕಿ ಅಲ್ಲ. ಎರಡೂ ತಪ್ಪ ಅಂತ ಹೇಳಾಕ ಇವತ್ತ ಬರಿಯಾಕ ಕುಂತೇನಿ.

ಮೊದಲ ಬೈಸ್ಕೊಳ್ಳೂ ಬೆಕ್ಕಿನ ಕುಲಗೋತ್ರ ಕೇಳ್ರಿ. ಇದು ಟಿವ್ಯಾಗ ಹುಟ್ಟಿದ ಬೆಕ್ಕ ಅಲ್ಲ, ಕಾಗದದ ಮ್ಯಾಲೆ ಹುಟ್ಟಿದ್ದು. 1969ರ ಡಿಸೆಂಬರದಾಗ ಜಪಾನಿನ ಮಕ್ಕಳ ಮಾಸಿಕಗಳೊಳಗ ಚಿತ್ರಕಥಿ ಆಗಿ ಬಂತು. ಆ ಮಾಸಿಕ ಹೆಂಗ ಅಂದ್ರ, ಒಂದನೇ ಇಯತ್ತೆ ಮಕ್ಕಳಿಗೆ ಒಂದು, ಎರಡನೇ ಇಯತ್ತೆಗೆ ಇನ್ನೊಂದು. ಬರದಾವ ಫುಜಿಕೋ ಎಫ್. ಫುಜಿಯೋ ಆಯಾ ವಯಸ್ಸಿಗೆ ತಕ್ಕಂಗ ಬ್ಯಾರೆ ಬ್ಯಾರೆ ಕಥಿ ಬರೀತಿದ್ದ. ಬೆಕ್ಕಿನ ಎತ್ತರ 129.3 ಸೆಂಟಿಮೀಟರ್ ಇಟ್ಟಾನ. ಯಾಕಂದ್ರ ಆಗಿನ ಜಪಾನಿನ ನಾಕನೇ ಇಯತ್ತೆ ಹುಡುಗ್ರ ಸರಾಸರಿ ಎತ್ತರ ಅಷ್ಟಿತ್ತಂತ. ಅಂದ್ರ ಓದೂ ಹುಡುಗನ ಭುಜಕ್ಕ ಭುಜಾ ಕೊಟ್ಟ ನಿಂದರೂ ಬೆಕ್ಕ ಅದು. ಅದರ ಕಿವಿ ಇಲಿ ಕಡದ ಹ್ವಾದ್ವು, ಅದಕ್ಕ ಬೆಕ್ಕಾಗಿದ್ರೂ ಇಲಿ ಕಂಡ್ರ ಓಡತೈತಿ. ಎಷ್ಟ ಪ್ರೀತೀಲೆ ಮಾಡಿದ ಕಥಿ ನೋಡ್ರಿ. ಹಿಂತಾ ಕಥಿ 45 ಪುಸ್ತಕ ಆಗ್ಯಾವ.

"ಹುಡುಗ್ರನ್ನ ಆಳಸಿ ಮಾಡತೈತಿ" ಅನ್ನೂ ಅಕ್ಕಾರಿಗೆ ನನ್ನ ಪ್ರಶ್ನೆ: ಒಂದ ಕಥಿ ಪೂರ್ತಿ ಕುಂತ ನೋಡೀರೇನ? ನೋಬಿತಾ ಅನ್ನೂ ಹುಡುಗ ಅಭ್ಯಾಸ ತಪ್ಪಸಾಕ ಬೆಕ್ಕಿನ ಕಡೆ ಒಂದ ಸಾಮಾನ ಇಸ್ಕೋತಾನ. ಅದನ್ನ ಮಿತಿ ಮೀರಿ ಬಳಸ್ತಾನ. ಕಡೀಕ ಅದ ಅವನ ಮ್ಯಾಲೆ ತಿರಗಿ ಬೀಳತೈತಿ, ಅಳಕೋತ ನಿಂದರ್ತಾನ. ಭಾಳಷ್ಟ ಕಥಿ ಹಿಂಗ ಮುಗೀತಾವ. ನಮ್ಮ ಆಯಿ ಹೇಳೂ ಕಥ್ಯಾಗ ಅತಿ ಆಸೆ ಮಾಡಿದಾವ ಕೆಟ್ಟಂಗ ಐತಿ ಇದು. ಖರೇ ಸಮಸ್ಯಾ ಏನಂದ್ರ, ಪರಭಾಷಾದಾಗ ಅರ್ಧಮರ್ಧ ತಿಳಿಯೂ ಸಣ್ಣ ಕೂಸಿಗೆ ಕಿಸ್ಯಾಗಿಂದ ಹೊರಬರೂ ಸಾಮಾನ ಅಷ್ಟ ಕಾಣತೈತಿ. ಕಡೀಗೆ ಬರೂ ಬುದ್ಧಿಮಾತು ಕಿವಿಗೆ ಬೀಳೂದಿಲ್ಲ. ಟಾಮ್ ಮತ್ತ ಜೆರಿ ಕಾಲದಾಗ ಈ ತ್ರಾಸ ಇರಲಿಲ್ಲ. 1940ರಾಗ ಹುಟ್ಟಿದ ಆ ಟಾಮ್ ಬೆಕ್ಕ ಮಾತಾಡೂದ ಭಾಳ ಕಮ್ಮಿ. ಅದರ ಕಥಿ ಹುಡುಗ್ರು ತಾವ ಕನ್ನಡದಾಗ ಒಬ್ಬರಿಗೊಬ್ಬರು ಹೇಳ್ಕೋತಿದ್ರು. ಈ ಬೆಕ್ಕ ಹಂಗಲ್ಲ, ಬಾಯಿಬಡಕ ಬೆಕ್ಕ. ನಮ್ಮ ದೇಶಕ್ಕ 2005ರ ಸುಮಾರಿಗೆ ಬರಬೇಕಾದ್ರ ಹಿಂದಿ ಕಲತ ಬಂತು. ಆಮ್ಯಾಲೆ ತಮಿಳ, ತೆಲಗೂ ಕಲೀತು. ನಮ್ಮ ಮನಿಗೆ ಮಾತ್ರ ಹಿಂದ್ಯಾಗ ಮಾತಾಡಕೋತ ಹೊಕ್ಕು ಕುಂತೇತಿ.

ಇನ್ನ "ಛಲೋ ಹಿಂದಿ ಮಾತಾಡ್ತಾನ" ಅನ್ನೂ ಪಾರ್ಟಿ. ಹ್ವಾದ ಶ್ರಾವಣದಾಗ ಒಬ್ರ ಮನ್ಯಾಗ ಕುಂತಿದ್ನಿ. ಆರ ವರ್ಷದ ಹುಡಿಗಿ ಓಡಿ ಬಂದು ತನ್ನ ಆಯಿಗೆ "ಪ್ಯಾಸ್ ಲಗೀ ಹೈ" ಅಂತು. ಆಯಿಗೆ ಖುಷಿ ಆತು, "ಪಾಸಾದೇನ ತಂಗಿ? ಛಲೋ ಆತು ನೋಡ" ಅಂತ ನೆಟಿಗಿ ಮುರದ್ಳು. ಎಲ್ಲಾರೂ ನಕ್ಕರು. ಆ ಕೂಸಿಗೆ ನೀರ ಬೇಕಾಗಿತ್ತು ರೀ! ಎದುರಿಗೆ ಕುಂತ ಆಯಿಗೆ ನೀರ ಕೇಳಾಕ ದುಭಾಷಿ ಬೇಕಾದ್ರ ಅದ ಶಾಣೇತನ ಹೆಂಗ ಅಕ್ಕೈತಿ? ಹಿಂದಿ ಕಲೀಲಿ, ಮರಾಠಿ ಕಲೀಲಿ. ಬೆಳಗಾವಿ ಕಡ್ಯಾವರಿಗೆ ಎರಡ ಮೂರ ಭಾಷಾ ಹೊಸಾವೇನೂ ಅಲ್ಲ. ಆದ್ರ ಅವು ಕನ್ನಡದ ಜೋಡಿ ಬರಬೇಕು, ಕನ್ನಡದ ಜಾಗಾ ಕಸ್ಕೊಂಡ ಅಲ್ಲ. ಇಲಿಗೆ "ಚೂಹಾ" ಅನ್ನೂ ಕೂಸಿಗೆ ಹೆಗ್ಗಣ ಬ್ಯಾರೆ, ಸುಂಡಿಲಿ ಬ್ಯಾರೆ ಅನ್ನೂದು ಯಾರ ಹೇಳಬೇಕು? ಅದನ್ನ ಕೇಳಿ ನಾವು ಹಿಗ್ಗೂದು, ಬೆಕ್ಕ ಕಣ್ಣ ಮುಚ್ಚಿ ಹಾಲ ಕುಡದಂಗ.

"ಹಂಗಾದ್ರ ಬಂದ್ ಮಾಡೂದ ಛಲೋ ಅಲ್ಲೇನ" ಅಂತ ಮೊದಲನೇ ಪಾರ್ಟಿ ಮತ್ತ ಎದ್ದೀತು. ಬಾಂಗ್ಲಾದೇಶದಾವ್ರು ಅದನ್ನ ಮಾಡಿದ್ರು. ಮಕ್ಕಳು ಬಂಗಾಳಿ ಬಿಟ್ಟು ಹಿಂದಿ ಮಾತಾಡಾಕ ಹತ್ತ್ಯಾವ ಅಂತ 2013ರ ಫೆಬ್ರುವರಿಯೊಳಗ ಹಿಂದಿ ಡೋರೆಮಾನ್ ಬಂದ್ ಮಾಡಿಸಿದ್ರು. ಭಾಷಾದ ಸಲುವಾಗಿ 1952ರಾಗ ಪ್ರಾಣಾ ಕೊಟ್ಟ ಜನ, ಅವರ ಸಂಕಟ ನನಗ ತಿಳೀತೈತಿ. ಆದ್ರ ಬೆಕ್ಕನ್ನ ಹೊರಗ ಹಾಕಿದ್ರ ಕೂಸಿನ ಬಾಯಾಗ ತನ್ನಷ್ಟಕ್ಕ ತಾಯಿಭಾಷಾ ಬರೂದಿಲ್ಲ. ಗಂಗಾಳದಾಗಿಂದು ತಗದ ಮ್ಯಾಲೆ ಬ್ಯಾರೆ ಏನರೆ ಬಡಸಬೇಕಲ್ಲ?

ಬಡಸಾಕ ನಮಗ ಬರತಿತ್ತು. ಅಮರ ಚಿತ್ರಕಥಾ ಎಲ್ಲಾರಿಗೂ ಗೊತ್ತೈತಿ. ಅದು ಮೊದಲ ಯಾವ ಭಾಷಾದಾಗ ಬಂತು? ಕನ್ನಡದಾಗ! 1965ರಾಗ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರು ಸಿಂಡ್ರೆಲಾನಂಥ ಪರದೇಶದ ಕಥಿಗೋಳ ಚಿತ್ರಾ ತಗೊಂಡು, ಕನ್ನಡ ಮಾತ ಹಾಕಿ ಹತ್ತ ಪುಸ್ತಕ ತಂದ್ರು. ಅದಕ್ಕ ಅನಂತ ಪೈ ಅವರ ಇಂಗ್ಲಿಷ್ "ಕೃಷ್ಣ" ಪುಸ್ತಕದ ನಂಬರ 11ರಿಂದ ಸುರು ಆಗೇತಿ. ಮುಂದ "ಬಾಲಮಂಗಳ"ದಾಗ ಡಿಂಗ ಅನ್ನೂ ಇಲಿ ಬಂತು. ಅದರ ಮೂಲ ಮಲಯಾಳಂ. ಆದ್ರ ನಮ್ಮ ಕೈಯಾಗ ಅಚ್ಚ ಕನ್ನಡದ ಇಲಿ ಆಗಿ ಹಾರ್ಯಾಡ್ತು. ಅದು ಮಲಯಾಳಂ ಇಲಿ ಅಂತ ಯಾವ ಹುಡುಗಗೂ ಅನಿಸಲಿಲ್ಲ.

ಕಾಗದದ ಮ್ಯಾಲೆ ನಡದದ್ದು ಪರದೆ ಮ್ಯಾಲೆ ನಡೀಲಿಲ್ಲ. ಡಬ್ಬಿಂಗ್ ಬಂದ್ರ ನಮ್ಮ ಕಲಾವಿದರ ಕೂಳ ಹೊಕ್ಕೈತಿ ಅಂತ ಕನ್ನಡ ಸಿನಿಮಾದಾವ್ರು ಹತ್ತಾರ ವರ್ಷ ಅಡ್ಡ ನಿಂತ್ರು. ಅವರ ಅಂಜಿಕಿ ಖೋಟಾ ಅಂತ ನಾ ಅನ್ನೂದಿಲ್ಲ. ಆದ್ರ ಎರಡನೇ ಇಯತ್ತೆ ಕೂಸ ನೋಡೂ ಬೆಕ್ಕಿಗೂ ದೊಡ್ಡವರ ಸಿನಿಮಾಕ್ಕೂ ಏನ ಸಂಬಂಧ? 2009ರಾಗ ಚಿಂಟು ಟಿವಿ ಬಂದು ಕಾರ್ಟೂನು ಕನ್ನಡ ಮಾತಾಡಿದ್ರ ಆಕಾಶ ಕಳಚಿ ಬೀಳೂದಿಲ್ಲ ಅಂತ ತೋರಿಸ್ತು. 2015ರ ಜುಲೈದಾಗ ಭಾರತದ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯೂದು ತಪ್ಪ ಅಂತ ಆದೇಶಾನೂ ಮಾಡ್ತು. ಇನ್ನ ಕಾನೂನಿನ ನೆವಾ ಇಲ್ಲ. ಕೇಳಾವ್ರು ಬೇಕ ಅಷ್ಟ.

ಆ ಬೆಕ್ಕ ಪ್ರಾಣಾ ಬಿಡೂ ತಿನಿಸ ಐತೆಲ್ಲ, "ಡೋರಾ ಕೇಕ್" ಅಂತ ಹುಡುಗ್ರು ಬೇಡ್ತಾವಲ್ಲ, ಅದ ಕೇಕೂ ಅಲ್ಲ ಏನೂ ಅಲ್ಲ. ಎರಡ ಸಣ್ಣ ದಪ್ಪನ ದ್ವಾಸಿ, ನಡುವ ಕೆಂಪ ಕಾಳ ಕುದಿಸಿ ಸಿಹಿ ಹಾಕಿ ಅರದ ಹೂರಣ. ನಮ್ಮ ಹೋಳಿಗಿ ಹೂರಣದ ಅಕ್ಕ ತಂಗಿ! ಕನ್ನಡದಾಗ ಹೇಳಾವ್ರು ಇದ್ದಿದ್ರ ಕೂಸು "ಆಯಿ, ಹೂರಣದ ದ್ವಾಸಿ ಮಾಡ" ಅಂತಿತ್ತು, ಆಯಿ ಮಾಡಿ ಕೊಡ್ತಿದ್ಳು. "ಕೇಕ್" ಅಂದದ್ದಕ್ಕ ಬೇಕರಿಗೆ ರೊಕ್ಕ ಹೊಂಟೇತಿ.

ಅದಕ್ಕ ಅಕ್ಕಾರ, ಮೂರ ಕೆಲಸ ಹೇಳ್ತೇನಿ. ಒಂದು, ಕೇಬಲ್ಲಿಗೆ, ಮೊಬೈಲಿಗೆ ರೊಕ್ಕ ಕೊಡಾವ್ರು ನಾವು. ಮಕ್ಕಳ ಕಾರ್ಟೂನು ಕನ್ನಡದಾಗ ಬೇಕು ಅಂತ ಗಟ್ಟಿಯಾಗಿ ಕೇಳ್ರಿ, ಒಬ್ಬಾಕಿ ಅಲ್ಲ, ಓಣಿಗೆ ಓಣೀನ ಕೇಳ್ರಿ. ಎರಡು, ಪಂಚಾಯತಿ ಗ್ರಂಥಾಲಯಕ್ಕ ಈಗ ಅರಿವು ಕೇಂದ್ರ ಅಂತ ಹೆಸರಿಟ್ಟಾರ. ಅಲ್ಲಿ ಹೋಗಿ ಕನ್ನಡ ಚಿತ್ರಕಥಿ ಪುಸ್ತಕ ತರಸ್ರಿ ಅಂತ ಹೇಳ್ರಿ. ಸ್ವಸಹಾಯ ಸಂಘದ ಮೀಟಿಂಗದಾಗ ಇದ ಒಂದ ವಿಷಯ ಆಗಲಿ. ಮೂರು, ಇವತ್ತ ರಾತ್ರೀನ ಮಾಡೂವಂಥಾದ್ದು. ಟಿವಿ ದನಿ ಪೂರ್ತಿ ಕಡಿಮಿ ಮಾಡ್ರಿ, ಆ ಬೆಕ್ಕಿನ ಮಾತ ನೀವ ಹೇಳ್ರಿ, ನಮ್ಮ ಊರ ಕನ್ನಡದಾಗ. ನೋಬಿತಾನ ಅವ್ವ ಬೈಯುವಾಗ ನೀವ ಹೆಂಗ ಬೈತೀರಿ ಹಂಗ ಬೈರಿ. ಹುಡುಗ್ರು ಬಿದ್ದ ಬಿದ್ದ ನಗ್ತಾವ, ನಾಳೆ ತಾವ ಹೇಳ್ತಾವ. ಪೇಪರಿನ್ಯಾಗ ಕಾರ್ಟೂನ ಪಟ್ಟಿ ಬಂದ್ರ ಮಾತಿನ ಗುಳ್ಳಿ ಮ್ಯಾಲೆ ಬಿಳೆ ಕಾಗದಾ ಹಚ್ಚಿ, ಕನ್ನಡ ಬರಿ ಅಂತ ಪೆನ್ಸಿಲ್ ಕೊಡ್ರಿ. ಚಿತ್ರಕಥಿಯೊಳಗ ಬೆಕ್ಕಿಗೆ ಸ್ವಂತ ಭಾಷಾ ಇಲ್ಲ. ಗುಳ್ಳ್ಯಾಗ ಯಾರ ಬರೀತಾರ, ಅವರ ಭಾಷಾನ ಬೆಕ್ಕಿನ ಭಾಷಾ.

ಬೆಕ್ಕಿಗೆ ಗಂಟಿ ಕಟ್ಟಾವ್ರು ಯಾರು ಅಂತ ಹಿರಿಯಾರು ಕೇಳ್ತಿದ್ರು. ಈ ಬೆಕ್ಕಿಗೆ ಜಪಾನಿನಾವ್ರು ಗಂಟಿ ಕಟ್ಟೇ ಕಳಿಸ್ಯಾರ. ಕನ್ನಡ ಕಲಸೂ ಕೆಲಸ ಅಷ್ಟ ಉಳದೇತಿ. ಅದಕ್ಕ ಯಾರ ದಾರಿ ಕಾಯೂದೂ ಬ್ಯಾಡ್ರಿ, ರಿಮೋಟ್ ಕೈಯಾಗ ತಗೋರಿ.