ಶಾರ್ಕ್ ದಾಳಿ: ಭಯ ಮೂರು ಜಾತಿಗಳದ್ದು, ಬಲೆ ಎಲ್ಲಕ್ಕೂ

2024ರ ಫೆಬ್ರವರಿಯಲ್ಲಿ ಮುಂಬೈ ಸಮೀಪದ ಪಾಲ್ಘರ್ ಜಿಲ್ಲೆಯ ಮನೋರ್ ಬಳಿ ವೈತರಣಾ ನದಿಗೆ ಇಳಿದಿದ್ದ ಯುವಕನೊಬ್ಬನ ಕಾಲಿಗೆ ಶಾರ್ಕ್ ಕಚ್ಚಿತ್ತು. ನದಿಯಲ್ಲಿ ಶಾರ್ಕ್ ಎಲ್ಲಿಂದ ಬಂತು ಎಂದು ಹಲವರು ಅಚ್ಚರಿಪಟ್ಟರು.

ಶಾರ್ಕ್ ಸಮುದ್ರದಲ್ಲಷ್ಟೇ ಇರುತ್ತದೆ ಎಂಬುದೇ ಮೊದಲ ತಪ್ಪು ತಿಳಿವಳಿಕೆ. ಬುಲ್ ಶಾರ್ಕ್ ಸಿಹಿನೀರಿನಲ್ಲೂ ಬದುಕಬಲ್ಲದು. ಅಳಿವೆ ದಾಟಿ ನದಿಯೊಳಗೆ ಬಹುದೂರ ಸಾಗುತ್ತದೆ. ಗಂಗಾ ನದಿಯ ದಾಳಿಗಳ ಅಪವಾದವನ್ನು ಬಹುಕಾಲ ಹೊತ್ತದ್ದು ಮಾತ್ರ ಗಂಗಾ ಶಾರ್ಕ್ ಎಂಬ ಬೇರೆಯೇ ಜಾತಿ. ಅದರ ಹಲ್ಲುಗಳು ಮೀನು ಹಿಡಿಯಲು ತಕ್ಕಂಥವು. ಆ ದಾಳಿಗಳಲ್ಲಿ ಹಲವು ಬುಲ್ ಶಾರ್ಕ್‌ನದ್ದೇ ಇರಬೇಕು ಎನ್ನುತ್ತಾರೆ ತಜ್ಞರು. ಅಷ್ಟರಲ್ಲಿ ಗಂಗಾ ಶಾರ್ಕ್ ಅಳಿವಿನ ಅಂಚು ತಲುಪಿದೆ.

ಜಗತ್ತಿನಲ್ಲಿ 500ಕ್ಕೂ ಹೆಚ್ಚು ಜಾತಿಯ ಶಾರ್ಕ್‌ಗಳಿವೆ. ಮನುಷ್ಯರ ಮೇಲಿನ ಮಾರಣಾಂತಿಕ ದಾಳಿಗಳಲ್ಲಿ ಹೆಚ್ಚಿನವು ಗ್ರೇಟ್ ವೈಟ್, ಟೈಗರ್ ಮತ್ತು ಬುಲ್ ಎಂಬ ಮೂರು ಜಾತಿಗಳದ್ದು. ಫ್ಲೋರಿಡಾದ ಅಂತಾರಾಷ್ಟ್ರೀಯ ದಾಖಲೆಯ ಪ್ರಕಾರ 2024ರಲ್ಲಿ ಮನುಷ್ಯರು ಕೆಣಕದೆ ನಡೆದ ದಾಳಿಗಳು ಇಡೀ ಜಗತ್ತಿನಲ್ಲಿ 47. 1975ರ 'ಜಾಸ್' ಸಿನಿಮಾ ಬಿತ್ತಿದ ಭಯಕ್ಕೆ ಈ ಲೆಕ್ಕ ತಾಳೆಯಾಗುವುದಿಲ್ಲ. ಆ ಕಥೆ ಬರೆದ ಪೀಟರ್ ಬೆಂಚ್ಲಿ ಅವರೇ ಮುಂದೆ ಶಾರ್ಕ್ ಸಂರಕ್ಷಣೆಗೆ ದುಡಿದರು. ಶಾರ್ಕ್‌ಗೆ ಕ್ಯಾನ್ಸರ್ ಬರುವುದೇ ಇಲ್ಲ ಎಂದು ಹೇಳಿ ಅದರ ಮೃದು ಎಲುಬಿನ ಮಾತ್ರೆ ಮಾರಿದವರೂ ಉಂಟು. ಅದೂ ಸುಳ್ಳು, ಗಡ್ಡೆಗಳಿರುವ ಶಾರ್ಕ್‌ಗಳು ಸಿಕ್ಕಿವೆ.

ಭಾರತದಲ್ಲಂತೂ ಶಾರ್ಕ್ ಕಚ್ಚುವುದಕ್ಕಿಂತ ತಟ್ಟೆಗೆ ಬರುವುದೇ ಹೆಚ್ಚು. ಮುಂಬೈ ಮಾರುಕಟ್ಟೆಯಲ್ಲಿ ಮೋರಿ, ಮುಶಿ ಎಂದೂ ಚೆನ್ನೈನಲ್ಲಿ ಸುರಾ ಎಂದೂ ಮಾರಾಟವಾಗುವುದು ಶಾರ್ಕೇ. ಬಾಣಂತಿಯರಿಗೆ ಸುರಾ ಪುಟ್ಟು ಕೊಡುವುದು ತಮಿಳುನಾಡಿನ ರೂಢಿ. ತಿನ್ನುವುದು ತಪ್ಪು ಎನ್ನುವಂತಿಲ್ಲ, ತೊಡಕಿರುವುದು ವೇಗದಲ್ಲಿ. ಹಲವು ಜಾತಿಗಳು ಪ್ರಾಯಕ್ಕೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಬೇಕು, ಹಾಕುವ ಮರಿಗಳೂ ಕೆಲವೇ. 1970ರಿಂದೀಚೆಗೆ ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ ಶೇ 71ರಷ್ಟು ಕುಸಿದಿದೆ ಎಂದು 2021ರ ಅಧ್ಯಯನವೊಂದು ಹೇಳಿತು. ಮುಖ್ಯ ಕಾರಣ ಮಿತಿಮೀರಿದ ಮೀನುಗಾರಿಕೆ.

ಸರ್ಕಾರ ಏನೂ ಮಾಡಿಲ್ಲ ಎಂದಲ್ಲ. 2015ರಲ್ಲಿ ಶಾರ್ಕ್ ರೆಕ್ಕೆಯ ರಫ್ತು ನಿಷೇಧವಾಯಿತು. ಅದಕ್ಕೂ ಮೊದಲು, 2001ರಲ್ಲಿ, ತಿಮಿಂಗಿಲ ಶಾರ್ಕ್‌ಗೆ ಕಾನೂನಿನ ರಕ್ಷಣೆ ಸಿಕ್ಕಿತ್ತು. ಜಗತ್ತಿನ ಅತಿದೊಡ್ಡ ಮೀನಾದರೂ ಅದರ ಆಹಾರ ನೀರಿನ ಸೂಕ್ಷ್ಮಜೀವಿಗಳು ಮತ್ತು ಪುಟ್ಟ ಮೀನುಗಳು. ದೋಣಿಗೆ ಬಳಿಯುವ ಎಣ್ಣೆಗಾಗಿ ಗುಜರಾತಿನ ಮೀನುಗಾರರು ಅದನ್ನು ಕೊಲ್ಲುತ್ತಿದ್ದರು. ಮೊರಾರಿ ಬಾಪು ಅದನ್ನು ತವರಿಗೆ ಹೆರಿಗೆಗೆ ಬರುವ ಮಗಳಿಗೆ ಹೋಲಿಸಿದರು. ಕತ್ತರಿಸಿದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಟ್ಟಿತು. ಈಗ ಅದೇ ಮೀನುಗಾರರು ಬಲೆ ಕತ್ತರಿಸಿ ಅದನ್ನು ಬಿಡುತ್ತಾರೆ.

ಆದರೆ ಬಸ್ಸಿನಷ್ಟು ದೊಡ್ಡ ಮೀನು ಬಲೆಯಲ್ಲಿ ಎದ್ದು ಕಾಣುತ್ತದೆ. ಮೊಳದುದ್ದದ ಹ್ಯಾಮರ್‌ಹೆಡ್ ಮರಿ ಟ್ರಾಲ್ ಬಲೆಯ ರಾಶಿಯಲ್ಲಿ ಕಣ್ಣಿಗೆ ಬೀಳುವ ಹೊತ್ತಿಗೆ ಸಾಮಾನ್ಯವಾಗಿ ಸತ್ತಿರುತ್ತದೆ.